ಹಳೆಯ ಎರಡು ಪೇಟೆಂಟ್ ಜೋಡಿಸಿ ನನ್ನ ಕಾಫಿ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) 'ಹೊಸತನವಿಲ್ಲ' ಎಂದು ಪೇಟೆಂಟ್ ಕಚೇರಿಯವರು ಹೇಳಿದ್ದಾರೆ. ಮೇಲ್ಮನವಿಯಲ್ಲಿ ಇದು ನಿಲ್ಲುತ್ತದೆಯೇ?

ಸಕಲೇಶಪುರದಿಂದ ನೀವು ಬರೆದಿರುವ ಪ್ರಕಾರ, ಒಂದು ಹಳೆಯ ಪೇಟೆಂಟ್‌ನಲ್ಲಿ ಡ್ರಮ್ಮೂ ಬೋಲ್ಟ್ ತಿರುಗಿಸಿ ಸರಿಹೊಂದಿಸುವ ಬ್ರೆಸ್ಟ್ ಪ್ಲೇಟೂ (ಹಣ್ಣನ್ನು ಡ್ರಮ್ಮಿಗೆ ಒತ್ತುವ ಫಲಕ) ಇವೆ, ಇನ್ನೊಂದರಲ್ಲಿ ಬೀಜ ಸುಲಿಯುವ ಯಂತ್ರದ ಸ್ಪ್ರಿಂಗ್ ಪ್ಲೇಟ್ ಇದೆ. ನಿಮ್ಮದು ಹಣ್ಣಿನ ಗಾತ್ರಕ್ಕೆ ತಾನೇ ಸರಿಯುವ ಸ್ಪ್ರಿಂಗ್ ಬ್ರೆಸ್ಟ್ ಪ್ಲೇಟ್.

ಹೊಸತನದ ಮಟ್ಟಿಗೆ ಈ ಜೋಡಣೆ ನಿಲ್ಲದು. ಕ್ಲೇಮಿನ (ಅರ್ಜಿಯಲ್ಲಿ ಯಾವುದಕ್ಕೆ ಹಕ್ಕು ಕೇಳುತ್ತೀರೆಂದು ಬರೆಯುವ ಭಾಗ) ಎಲ್ಲ ಅಂಶಗಳೂ ಒಂದೇ ಹಳೆಯ ದಾಖಲೆಯಲ್ಲಿ, ಓದಿದ ತಂತ್ರಜ್ಞ ಮಾಡಬಲ್ಲಷ್ಟು ಸ್ಪಷ್ಟವಾಗಿ ಇರಬೇಕು. ಎರಡನ್ನು ಸೇರಿಸಿ ನೋಡುವುದು ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ)ಯ ಇನ್ವೆಂಟಿವ್ ಸ್ಟೆಪ್ ಪ್ರಶ್ನೆ, ಅಂದರೆ ಪರಿಣತನಿಗೆ ಇದು ಸಹಜವಾಗಿ ಹೊಳೆಯುತ್ತಿತ್ತೇ ಎಂಬುದು. ಆದೇಶದಲ್ಲಿ ಆ ಕಾರಣವೂ ಇದ್ದರೆ ಇದೊಂದನ್ನು ಗೆದ್ದು ಪ್ರಯೋಜನವಿಲ್ಲ. ನನ್ನ ಪ್ರಕಾರ ನಿಮಗೆ ನಿಜವಾದ ಕಷ್ಟ ಇರುವುದೂ ಅಲ್ಲೇ.

ಮೊದಲು ಕ್ಲೇಮನ್ನು ಬಿಡಿ ಅಂಶಗಳಾಗಿ ಒಡೆದು, ಪ್ರತಿಯೊಂದರ ಎದುರು ಹಳೆಯ ದಾಖಲೆಯ ಪುಟ, ಸಾಲು ಬರೆಯಿರಿ. ಅದರ ಕ್ಲೇಮ್ ಮಾತ್ರವಲ್ಲ, ವಿವರಣೆ, ಚಿತ್ರ ಎಲ್ಲವನ್ನೂ ಓದಿ. 'ಬೋಲ್ಟ್ ಬದಲು ಸ್ಪ್ರಿಂಗ್ ಹಾಕಬಹುದು' ಎಂದು ಎಲ್ಲೋ ಒಂದು ಸಾಲಿದ್ದರೆ ಕಥೆ ಮುಗಿಯಿತು. ಬಾಯಿಬಿಟ್ಟು ಹೇಳದ ಅಂಶವೂ ಲೆಕ್ಕಕ್ಕೆ ಬರುತ್ತದೆ, ಆದರೆ ಅದು ಅಲ್ಲಿ ಅನಿವಾರ್ಯವಾಗಿ ಇರಲೇಬೇಕು, 'ಇದ್ದಿರಬಹುದು' ಸಾಲದು.

ಇನ್ನು ನಿಮ್ಮದೇ ಕ್ಲೇಮ್. ಅದರಲ್ಲಿ ಬರೀ 'ಅಂತರ ಬದಲಿಸಬಹುದಾದ ಪ್ಲೇಟ್' ಎಂದಿದ್ದರೆ ಬೋಲ್ಟ್ ಯಂತ್ರ ಒಂದೇ ಸಾಕು, ಅದೂ ಅಂತರ ಬದಲಿಸುತ್ತದೆ. ವಿವರಣೆಯಲ್ಲಿ ಸ್ಪ್ರಿಂಗ್ ಬಗ್ಗೆ ಎಷ್ಟೇ ಬರೆದಿದ್ದರೂ ಅದು ಕ್ಲೇಮಿಗೆ ಇಳಿದಿರಬೇಕು. ಕಲಂ 59ರಡಿ ಹೀಗೆ ಕಿರಿದಾಗಿಸಬಹುದು, ಹಿಗ್ಗಿಸುವಂತಿಲ್ಲ. ಇದನ್ನು ಕಂಟ್ರೋಲರ್ (ಅರ್ಜಿ ತೀರ್ಮಾನಿಸುವ ಪೇಟೆಂಟ್ ಅಧಿಕಾರಿ) ಮುಂದೆಯೇ ಮಾಡಿಕೊಂಡಿರುವುದು ಕ್ಷೇಮ. 'ಕಾಫಿಗಾಗಿ' ಎಂಬ ಮಾತೂ ಕಾಪಾಡದು: ಗೊತ್ತಿರುವ ಯಂತ್ರದ ಬರೀ ಹೊಸ ಉಪಯೋಗವನ್ನು ಕಲಂ 3(ಡಿ) ಆವಿಷ್ಕಾರ ಎನ್ನುವುದಿಲ್ಲ.

ಹೊಸತನಕ್ಕೆ ಇನ್ನೊಂದು ಅಪಾಯ: ಅರ್ಜಿಗೆ ಮುಂಚೆ ಅಕ್ಕಪಕ್ಕದ ತೋಟಗಳಲ್ಲಿ ನಿಮ್ಮ ಪಲ್ಪರ್ ಬಹಿರಂಗವಾಗಿ ಓಡಿತ್ತೇ? ಹಿಂದಿನ ಒಂದು ವರ್ಷದೊಳಗಿನ, ಬಹಿರಂಗವಾಗಿ ಮಾಡಲೇಬೇಕಾಗಿದ್ದ ಪ್ರಯೋಗಕ್ಕೆ ಕಲಂ 32ರ ರಕ್ಷಣೆಯಿದೆ, ಮಾಮೂಲಿ ಬಳಕೆಗಿಲ್ಲ. ಕೃಷಿಮೇಳದಲ್ಲಿ ಇಟ್ಟಿದ್ದರೆ, ಕಲಂ 31ರಡಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನ ಅದಾಗಿರಬೇಕು, ಅರ್ಜಿ 12 ತಿಂಗಳೊಳಗೆ ಬಿದ್ದಿರಬೇಕು.

ಇಂಥ ಮೇಲ್ಮನವಿ ಕೇಳುತ್ತಿದ್ದ ಮಂಡಳಿ ಐಪಿಎಬಿ 2021ರಲ್ಲೇ ರದ್ದಾಗಿದೆ. ನಿಮ್ಮ ಅರ್ಜಿ ಚೆನ್ನೈ ಕಚೇರಿಯದಾದ್ದರಿಂದ ಕಲಂ 117ಎ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ, ಬೆಂಗಳೂರಿಗಲ್ಲ. ಗಡುವು 3 ತಿಂಗಳು. ಕಾರಣ ಬರೆಯದ ಆದೇಶಗಳನ್ನು ಹೈಕೋರ್ಟುಗಳು ಎಷ್ಟೋ ಬಾರಿ ಮರುವಿಚಾರಣೆಗೆ ವಾಪಸ್ ಕಳಿಸಿವೆ. ಹಾಗಾಗಿ ಯಾವ ಅಂಶ ಯಾವ ದಾಖಲೆಯಲ್ಲಿ ಇಲ್ಲ, ಅದನ್ನು ಆದೇಶದ ಯಾವ ಪ್ಯಾರಾ ದಾಟಿಹೋಗಿದೆ ಎಂಬುದನ್ನೇ ಮೊದಲ ಆಧಾರವಾಗಿ ಬರೆಸಿ.