ಕೆಲಸ ಗೊತ್ತು, ಶುರು ಮಾಡೋದೇ ಆಗ್ತಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಕೆಲಸ ಸಮಯಕ್ಕೆ ಮುಗಿಯುತ್ತಿಲ್ಲ ಎಂದು ಸಹಾಯ ಕೇಳಿ ನನ್ನ ಬಳಿ ಬಂದವರು ಮೂವತ್ತು ದಾಟಿದ ಮಹಿಳೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಬೇರೆಯವರ ಕಣ್ಣಿಗೆ ಬೀಳದ ತಪ್ಪನ್ನು ಥಟ್ಟನೆ ಹಿಡಿಯುತ್ತಾರೆ. ಆದರೆ ತಿಂಗಳ ವರದಿ ಮಾತ್ರ ಪ್ರತಿ ಸಲ ತಡ. ಗಡುವಿನ ಹಿಂದಿನ ರಾತ್ರಿ ನಿದ್ದೆಗೆಟ್ಟು ಕೂತು ಬರೆಯುತ್ತಾರೆ. ಆಮೇಲೆ ಎರಡು ದಿನ ಏನೂ ಮಾಡಲಾಗದಷ್ಟು ಸುಸ್ತು.

ಕೆಲವು ತಿಂಗಳ ಹಿಂದೆ ಮನೋವೈದ್ಯರು ಪರೀಕ್ಷಿಸಿ, ಎಡಿಎಚ್‌ಡಿ (ಗಮನ ಹಿಡಿದಿಡಲು, ಕೆಲಸ ಹೊಂದಿಸಿಕೊಳ್ಳಲು ಕಷ್ಟವಾಗುವ ಸ್ಥಿತಿ) ಇದೆ, ಜೊತೆಗೆ ಆಟಿಸಂ (ಜನರೊಡನೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವುದು) ಕೂಡ ಇದೆ ಎಂದಿದ್ದರು. ಔಷಧ ಶುರುವಾಗಿತ್ತು. "ಮಾತ್ರೆ ತಗೊಂಡ್ಮೇಲೆ ಗಮನ ನಿಲ್ಲುತ್ತೆ ಮೇಡಂ. ಆದ್ರೆ ಎದುರಿಗೆ ಏನಿರುತ್ತೋ ಅದರ ಮೇಲೆ ನಿಲ್ಲುತ್ತೆ. ಮೊನ್ನೆ ಮೂರು ಗಂಟೆ ಕೂತು ಫೋಲ್ಡರ್‌ಗಳ ಹೆಸರು ಸರಿ ಮಾಡಿದೆ. ವರದಿ ಹಾಗೇ ಇದೆ" ಎಂದರು. ಔಷಧ ಎಷ್ಟು ಮಾಡುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

ಇಷ್ಟು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂಬ ಕೋಪ ಅವರಿಗಿತ್ತು. ಇದ್ದರೆ ತಪ್ಪೇನಿಲ್ಲ. ಸದ್ದು ಮಾಡದೆ ಕೂತು, ಕಿಟಕಿ ಆಚೆ ನೋಡುತ್ತಾ, ಒಳ್ಳೆ ಅಂಕ ತೆಗೆಯುವ ಹುಡುಗಿಯ ಬಗ್ಗೆ ಶಾಲೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನೊಂದು ಕಾರಣವೂ ಇದೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಪ್ರಕಾರ, ಒಬ್ಬರಿಗೇ ಎಡಿಎಚ್‌ಡಿ ಮತ್ತು ಆಟಿಸಂ ಎರಡೂ ಇದೆ ಎಂದು ಹೇಳಲು ಮೊದಲು ಅವಕಾಶವೇ ಇರಲಿಲ್ಲ. 2013ರಲ್ಲಿ ಬಂದ ಅದರ ಐದನೇ ಆವೃತ್ತಿ, ಡಿಎಸ್ಎಂ-5, ಆ ನಿಯಮ ತೆಗೆಯಿತು. ಅವರು ಶಾಲೆ ಮುಗಿಸಿದ್ದು ಅದಕ್ಕೂ ಮೊದಲು.

ಮೊದಲ ಭೇಟಿಗೆ ಒಂದು ಚೀಲ ತಂದಿದ್ದರು. ಒಳಗೆ ನಾಲ್ಕು ಪ್ಲಾನರ್. ನಾಲ್ಕರದ್ದೂ ಮೊದಲ ಪುಟಗಳು ಬಣ್ಣದ ಪೆನ್ನಿನಲ್ಲಿ ತುಂಬಿಹೋಗಿದ್ದವು. ಬೆಳಿಗ್ಗೆ 5.30ಕ್ಕೆ ಏಳುವುದರಿಂದ ರಾತ್ರಿ 10ಕ್ಕೆ ಮಲಗುವವರೆಗೆ ಅರ್ಧ ಗಂಟೆಗೊಂದು ಸಾಲು. ಎರಡು ಮೂರು ವಾರದ ನಂತರ ಬರೀ ಖಾಲಿ ಹಾಳೆ. "ಮನೇಲಿ ನನ್ನನ್ನ ಆರಂಭಶೂರೆ ಅಂತಾರೆ."

ಆ ಪುಟಗಳಲ್ಲಿ ನನಗೆ ಸೋಮಾರಿತನ ಕಾಣಲಿಲ್ಲ. ಉಸಿರಾಡಲು ಜಾಗ ಇಲ್ಲದ್ದು ಕಾಣಿಸಿತು. 9 ಗಂಟೆಯ ಸಾಲು ತಪ್ಪಿದರೆ 9.30ರದ್ದೂ ತಪ್ಪುತ್ತದೆ. ಹನ್ನೊಂದರ ಹೊತ್ತಿಗೆ ಇವತ್ತಿನ ದಿನವೇ ಹಾಳಾಯ್ತು ಅನ್ನಿಸಿ ಪುಸ್ತಕ ಮುಚ್ಚುತ್ತಾರೆ. ಎಡಿಎಚ್‌ಡಿ ಇರುವ ಬಹಳ ಜನರಿಗೆ ಸಮಯ ಸರಿಯುವ ಅಂದಾಜು ಒಳಗಿನಿಂದ ಸಿಗುವುದಿಲ್ಲ. ಇಪ್ಪತ್ತು ನಿಮಿಷ ಸಾಕು ಅಂದುಕೊಂಡ ಕೆಲಸ ಒಂದೂವರೆ ಗಂಟೆ ತಿನ್ನುತ್ತದೆ. ಅಂಥವರು ಗಂಟೆ ಗಂಟೆಗೂ ಲೆಕ್ಕ ಕೊಡುವ ದಿನಚರಿ ಹಾಕಿಕೊಂಡರೆ ಅದು ನಿಲ್ಲುವುದಾದರೂ ಹೇಗೆ?

ಪ್ಲಾನರ್ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆಯಲು ಹೇಳಿದೆ. ಕೆಲಸದ ಪಟ್ಟಿಯಲ್ಲಿ "ತಿಂಗಳ ವರದಿ" ಎಂಬ ಒಂದೇ ಸಾಲು. "ಈಗ ಇಲ್ಲೇ ಶುರು ಮಾಡ್ತೀರಿ ಅಂದ್ಕೊಳ್ಳಿ. ಮೊದಲು ಏನು ಮಾಡ್ತೀರಿ?" ಅಂದೆ. ಫೈಲ್ ತೆರೆದರು. ಸುಮ್ಮನೆ ಕೂತರು. ಸ್ವಲ್ಪ ಹೊತ್ತಿನ ಮೇಲೆ, "ಖರ್ಚಿನ ಅಂಕಿ ಇನ್ನೊಂದು ವಿಭಾಗದಿಂದ ಬರಬೇಕು" ಅಂದರು.

"ಕೇಳಿದ್ದೀರಾ?"

"ಇಲ್ಲ. ಹೋದ ತಿಂಗಳು ಅವರೇನೋ ಕೇಳಿದ್ರು, ನಾನು ಉತ್ತರನೇ ಕೊಟ್ಟಿಲ್ಲ. ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಗಂಟು ಇದ್ದದ್ದು ಅಲ್ಲಿ. ವರದಿ ಬರೆಯಲು ಅವರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಅದರ ಮೊದಲ ಹೆಜ್ಜೆ ವರದಿಯೇ ಅಲ್ಲ, ನಾಚಿಕೆ ಪಟ್ಟುಕೊಂಡು ಕಳಿಸಬೇಕಾದ ಎರಡು ಸಾಲಿನ ಈಮೇಲ್. ದಿನಾ ಫೈಲ್ ತೆರೆಯುವುದು, ಖಾಲಿ ಕಾಲಂ ನೋಡುವುದು, ಬೇರೆ ಯಾವುದೋ ಕೆಲಸಕ್ಕೆ ಜಾರುವುದು. ಇಂಥವರ ಪಟ್ಟಿಯಲ್ಲಿ ವಾರಗಟ್ಟಲೆ ಅಲುಗಾಡದ ಸಾಲು ಇದ್ದರೆ, ಬಹಳ ಸಲ ಅದರ ಕೆಳಗೆ ಹೀಗೆ ಬರೆಯದೇ ಉಳಿದ ಇನ್ನೊಂದು ಕೆಲಸ ಇರುತ್ತದೆ.

ಈಮೇಲನ್ನು ಅಲ್ಲೇ ಬರೆದರು. ಮೊದಲು ಒಂದು ಪುಟ ಕ್ಷಮಾಪಣೆ ಟೈಪ್ ಮಾಡಿದ್ದರು. ಅಳಿಸಿ ಅಳಿಸಿ ಕೊನೆಗೆ ಉಳಿದದ್ದು ಇಷ್ಟು: "ನೀವು ಕೇಳಿದ್ದಕ್ಕೆ ಉತ್ತರ ಇದರ ಜೊತೆಗಿದೆ, ತಡವಾಯಿತು, ಕ್ಷಮಿಸಿ. ಈ ತಿಂಗಳ ಖರ್ಚಿನ ಅಂಕಿ ಬುಧವಾರದೊಳಗೆ ಕಳಿಸುತ್ತೀರಾ?" ಸಂಜೆಯೊಳಗೆ ಅಂಕಿ ಬಂತಂತೆ.

ಅಲ್ಲಿಂದ ಮುಂದೆ ಪಟ್ಟಿ ಬರೆಯುವ ರೀತಿ ಬದಲಾಯಿಸಿದೆವು. ಕೆಲಸದ ಹೆಸರು ಬೇಡ, ಕೈ ಮಾಡಬೇಕಾದ ಮೊದಲ ಕೆಲಸ ಬರೆಯಿರಿ ಅಂದೆ. "ವರದಿ" ಅಲ್ಲ, "ಹೋದ ತಿಂಗಳ ಫೈಲ್ ನಕಲು ಮಾಡಿ ತಿಂಗಳ ಹೆಸರು ಬದಲಿಸುವುದು." ಅದನ್ನೂ ಗಂಟೆಗೆ ಕಟ್ಟಲಿಲ್ಲ, ಹೇಗೂ ನಡೆದೇ ನಡೆಯುವ ಒಂದು ಕೆಲಸಕ್ಕೆ ಕಟ್ಟಿದೆವು: "ಬೆಳಗಿನ ಮೀಟಿಂಗ್ ಮುಗಿದು ಹೆಡ್‌ಫೋನ್ ತೆಗೆದ ತಕ್ಷಣ, ಇದನ್ನು ಮಾಡುತ್ತೇನೆ." ಹೀಗಾದಾಗ ಹೀಗೆ ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದರ ಬಗ್ಗೆ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಲ್ಲೇ ಬರೆದಿದ್ದಾರೆ. ಬರೀ "ಮಾಡಬೇಕು" ಎನ್ನುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಯಾವಾಗ ಶುರು ಮಾಡಲಿ ಎಂದು ಆ ಕ್ಷಣದಲ್ಲಿ ಯೋಚಿಸಬೇಕಾಗಿಲ್ಲ, ಅಲ್ವಾ? ಅವರು ಎಡವುತ್ತಿದ್ದದ್ದೇ ಆ ಯೋಚನೆಯಲ್ಲಿ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿಯನ್ನು ಅವರು ಆಗಲೇ ಮಾಡಿ ನೋಡಿದ್ದರು. 1980ರ ದಶಕದ ಕೊನೆಗೆ ಫ್ರಾನ್ಸೆಸ್ಕೊ ಚಿರಿಲ್ಲೊ ತನ್ನ ಓದಿಗಾಗಿ ಮಾಡಿಕೊಂಡದ್ದು ಅದು. ಈಗ ಎಲ್ಲರಿಗೂ ಅದನ್ನೇ ಹೇಳುತ್ತಾರೆ, ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಇವರಿಗೆ ಕೆಲಸದೊಳಗೆ ಇಳಿಯಲೇ ಇಪ್ಪತ್ತು ನಿಮಿಷ ಬೇಕು. ಇಳಿದು ಕೂತಾಗ ಗಂಟೆ ಹೊಡೆದರೆ ಮೈಯೆಲ್ಲಾ ಕಿರಿಕಿರಿ. ಹಾಗಾಗಿ ತಿರುಗಿಸಿದೆವು. ಹತ್ತು ನಿಮಿಷದ ಟೈಮರ್ ಶುರು ಮಾಡಲು ಮಾತ್ರ. ಹಿಡಿತ ಸಿಕ್ಕರೆ ನಡುವೆ ಯಾವ ಸದ್ದೂ ಬೇಡ. ಮುಂದಿನ ಮೀಟಿಂಗ್‌ಗೆ ಎರಡು ಅಲಾರಂ: ಒಂದು, ಎಲ್ಲಿಗೆ ನಿಂತೆ ಎಂದು ಒಂದು ಸಾಲು ಬರೆಯಲು, ಇನ್ನೊಂದು, ಕುರ್ಚಿಯಿಂದ ಏಳಲು. ಆ ಒಂದು ಸಾಲು ತುಂಬಾ ಮುಖ್ಯ. ಮರಳಿ ಬಂದಾಗ ಮೊದಲಿನಿಂದ ನೆನಪು ಮಾಡಿಕೊಳ್ಳುವ ಕಷ್ಟ ತಪ್ಪುತ್ತದೆ.

ಫೋಲ್ಡರ್ ಸರಿಮಾಡುವಂಥ ಆಸೆ ನಡುವೆ ಬಂದರೆ? ಪಕ್ಕದ ಚೀಟಿಯಲ್ಲಿ ಬರೆದು ಬಿಟ್ಟುಬಿಡುವುದು, ಕೆಲಸ ಮುಗಿದ ಮೇಲೆ ನೋಡುವುದು. ವಯಸ್ಕರ ಎಡಿಎಚ್‌ಡಿಗೆ ಕೊಡುವ ಸಿಬಿಟಿಯಲ್ಲಿ (ಯೋಚನೆ, ಅಭ್ಯಾಸ ಬದಲಿಸಲು ಮಾತಿನ ಮೂಲಕ ಮಾಡುವ ಚಿಕಿತ್ಸೆ) ಇದನ್ನು ಕಲಿಸುತ್ತಾರೆ. ಮಾಡಬೇಡ ಎಂದು ಮನಸ್ಸನ್ನು ಗದರಿಸುವುದಕ್ಕಿಂತ "ಆಮೇಲೆ" ಎನ್ನುವುದು ಸುಲಭ. ತೀರಾ ಬೇಸರದ ಕೆಲಸಕ್ಕೆ ಒಬ್ಬ ಸಹೋದ್ಯೋಗಿಯ ಜೊತೆ ವಿಡಿಯೊ ಕಾಲ್ ಹಾಕಿಕೊಂಡು, ಮಾತಿಲ್ಲದೆ ಇಬ್ಬರೂ ಅವರವರ ಕೆಲಸ ಮಾಡಲು ಶುರು ಮಾಡಿದರು. ಯಾರೋ ಒಬ್ಬರು ಎದುರಿಗಿದ್ದರೆ ಸಾಕಂತೆ.

ಬೆಳಿಗ್ಗೆ 5.30ರ ಆಸೆಯನ್ನು ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಎಡಿಎಚ್‌ಡಿ ಇರುವ ಅನೇಕರಿಗೆ ನಿದ್ದೆಯ ಗಡಿಯಾರವೇ ತಡವಾಗಿ ಓಡುತ್ತದೆ. ಇವರ ತಲೆ ಚುರುಕಾಗುವುದು ಹನ್ನೊಂದರ ಮೇಲೆ. ವರದಿಯನ್ನು ಆ ಹೊತ್ತಿಗೆ ಹಾಕಿ, ಬೆಳಗಿನ ಹೊತ್ತನ್ನು ಚಿಲ್ಲರೆ ಕೆಲಸಕ್ಕೆ ಬಿಟ್ಟೆವು. ಮಾತ್ರೆಯ ಹೊತ್ತು ಬದಲಿಸಬೇಕೇ ಎಂದು ನನ್ನನ್ನೂ ಕೇಳಿದರು. ಅದು ನಾನು ಹೇಳುವ ಮಾತಲ್ಲ, ವೈದ್ಯರನ್ನೇ ಕೇಳಿ ಅಂದೆ.

ಈ ವ್ಯವಸ್ಥೆಯೂ ಕೆಲವು ವಾರಕ್ಕೆ ಹಳಸುತ್ತದೆ ಎಂದು ಮೊದಲೇ ಹೇಳಿಟ್ಟಿದ್ದೆ. ಹೊಸತನ ಹೋದರೆ ಹಿಡಿತವೂ ಸಡಿಲವಾಗುತ್ತದೆ. ಆಗ ಹೊಸ ಪ್ಲಾನರ್ ತರಬೇಡಿ, ಮೀಟಿಂಗ್ ಆದಮೇಲಿನ ಆ ಒಂದು ಹೆಜ್ಜೆ ಮಾತ್ರ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಬಿಡಿ, ಶಕ್ತಿ ಬಂದಾಗ ಒಂದೊಂದೇ ಸೇರಿಸಿ ಅಂದಿದ್ದೆ. ಎರಡನೇ ತಿಂಗಳು ಹಾಗೇ ಆಯಿತು. ಒಂದು ವಾರ ಎಲ್ಲ ನಿಂತುಹೋಯಿತು. ಆ ಸಲದ ವರದಿ ಒಂದು ದಿನ ತಡವಾದರೂ ರಾತ್ರಿ ನಿದ್ದೆಗೆಡಲಿಲ್ಲ.

ಮ್ಯಾನೇಜರ್‌ಗೆ ರೋಗನಿರ್ಣಯ ಹೇಳಲೇಬೇಕೇ ಎಂದು ಕೇಳಿದ್ದರು. ಹೇಳುವುದು ಬಿಡುವುದು ಅವರಿಷ್ಟ. ಬೇಕಾದ ಅನುಕೂಲವನ್ನು ಕೇಳಲು ಎಲ್ಲ ಸಲ ಅದು ಬೇಕಾಗುವುದಿಲ್ಲ. ಅವರು ಸದ್ಯಕ್ಕೆ ಹೇಳಿಲ್ಲ. ಕಳಿಸಿದ್ದು ಇಷ್ಟೇ: "ಮಾತಿನಲ್ಲಿ ಹೇಳಿದ ಕೆಲಸಗಳನ್ನು ಈಮೇಲ್‌ನಲ್ಲೂ ಕಳಿಸಿದರೆ ಮತ್ತು ಯಾವುದು ಮೊದಲು ಎಂದು ತಿಳಿಸಿದರೆ ನನಗೆ ಅನುಕೂಲ. ವರದಿ ಬರೆಯುವ ದಿನಗಳಲ್ಲಿ ಸದ್ದು ಕಡಿಮೆ ಇರುವ ಮೂಲೆಯಲ್ಲಿ ಕೂರಬಹುದೇ?" ಈಮೇಲ್ ವಿಷಯಕ್ಕೆ ಒಪ್ಪಿದ್ದಾರೆ. ಮೂಲೆಯ ಕುರ್ಚಿಗೆ ಇನ್ನೂ ಉತ್ತರ ಬಂದಿಲ್ಲ, ಮುಂದಿನ ವಾರ ಮತ್ತೆ ಕೇಳುತ್ತಾರಂತೆ.