ಹಬ್ಬದ ಬೀಫ್ ರೋಸ್ಟ್ ಗಟ್ಟಿಯಾಯಿತು, ಎಲ್ಲಿ ತಪ್ಪಿದೆ?

ಪ್ರಶ್ನೆ: ಕಳೆದ ಹಬ್ಬಕ್ಕೆ ಎರಡು ಕಿಲೋ ದನದ ಭುಜದ ಮಾಂಸ ತಂದು ಓವನ್‌ನಲ್ಲಿ ರೋಸ್ಟ್ ಮಾಡಿದೆ. 180 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟಿದ್ದೆ. ಥರ್ಮಾಮೀಟರ್ ಚುಚ್ಚಿ ನೋಡಿದರೆ 70 ಡಿಗ್ರಿ ತೋರಿಸಿತು. ಬೆಂದಿದೆ ಅಂದುಕೊಂಡು ಹೊರಗೆ ತೆಗೆದೆ. ಕತ್ತರಿಸುವಾಗಲೇ ಕೈ ಸೋತುಹೋಯಿತು, ಜಗಿದಷ್ಟೂ ನಾರು. ಸಾಸ್ ನೀರು ನೀರಾಗಿತ್ತು. ಮೈದಾ ಸುರಿದೆ, ಗಂಟು ಕಟ್ಟಿತು. ಜಾಸ್ತಿ ಬೇಯಿಸಿಬಿಟ್ಟೆನಾ? ಈ ಸಲ ಎಂಟು ಜನ ಊಟಕ್ಕೆ ಬರುತ್ತಾರೆ.

ಉತ್ತರ: ಜಾಸ್ತಿ ಬೇಯಿಸಿಲ್ಲ. ನಿಮ್ಮ ಮಾಂಸ ಇನ್ನೂ ಬೇಯಬೇಕಿತ್ತು. ಗಟ್ಟಿಯಾದ ತುಂಡು ಕಂಡ ಕೂಡಲೇ ಎಲ್ಲರೂ ಬೆಂಕಿ ಹೆಚ್ಚಾಯಿತು ಅಂತಲೇ ಅಂದುಕೊಳ್ಳುತ್ತಾರೆ, ಆದರೆ ಭುಜದ ಮಾಂಸದ ಲೆಕ್ಕ ಬೇರೆ.

ದನ ದಿನವಿಡೀ ನಡೆಯುವುದು, ತಲೆ ತಗ್ಗಿಸಿ ಮೇಯುವುದು ಈ ಭುಜದ ಬಲದ ಮೇಲೆ. ಹಾಗಾಗಿ ಅಲ್ಲಿನ ಸ್ನಾಯುಗಳನ್ನು ಕಾಲಜನ್ ಎಂಬ ಗಟ್ಟಿ ಅಂಟುನಾರು ಬಿಗಿಯಾಗಿ ಕಟ್ಟಿಹಾಕಿರುತ್ತದೆ. ಶಾಖ 60 ಡಿಗ್ರಿ ದಾಟಿದ ಮೇಲೆ ಸ್ನಾಯುವಿನ ಎಳೆಗಳು ಮುದುಡಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಮ್ಮ ನೀರನ್ನು ಹೊರಹಾಕುತ್ತವೆ. ಕಾಲಜನ್‌ಗೆ ಮಾತ್ರ ಅಷ್ಟು ಅವಸರವಿಲ್ಲ. 70ರ ನಂತರ ನಿಧಾನವಾಗಿ ಸಡಿಲವಾಗಿ, 90ರ ಆಸುಪಾಸಿನಲ್ಲಿ ಸಾಕಷ್ಟು ಹೊತ್ತು ಇದ್ದರೆ ಮಾತ್ರ ಕರಗಿ ಜೆಲಾಟಿನ್ ಎಂಬ ಮೆತ್ತನೆಯ ಅಂಟು ಆಗುತ್ತದೆ. ನೀವು ಹೊರತೆಗೆದದ್ದು ಸರಿಯಾಗಿ ನಡುದಾರಿಯಲ್ಲಿ: ನೀರು ಹೋಗಿತ್ತು, ನಾರು ಕರಗಿರಲಿಲ್ಲ. ಇನ್ನೆರಡು ಗಂಟೆ ಮುಚ್ಚಳ ಮುಚ್ಚಿ ಇಟ್ಟಿದ್ದರೆ ಅದೇ ತುಂಡು ಫೋರ್ಕ್‌ಗೆ ಬಿಡಿಬಿಡಿಯಾಗಿ ಬರುತ್ತಿತ್ತು.

ಈ ಸಲವೂ ಭುಜದ ಮಾಂಸವನ್ನೇ ತನ್ನಿ. ಎಂಟು ಜನರ ಊಟಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಐದು-ಹತ್ತು ನಿಮಿಷ ಹೆಚ್ಚುಕಡಿಮೆಯಾದರೂ ಅದು ಕೆಡುವುದಿಲ್ಲ, ಸಾಸ್‌ಗೆ ಬೇಕಾದ ಸತ್ವವನ್ನೂ ಅದೇ ಕೊಡುತ್ತದೆ. ಬೆಂದ ಮೇಲೆ ಮೂರನೇ ಒಂದು ಭಾಗದಷ್ಟು ತೂಕ ಇಳಿಯುತ್ತದೆ, ಆದ್ದರಿಂದ ಎರಡು ಕಿಲೋಗಿಂತ ಕಡಿಮೆ ಬೇಡ.

ಹಿಂದಿನ ರಾತ್ರಿಯೇ ಕಿಲೋಗೆ 12 ಗ್ರಾಂ ಲೆಕ್ಕದಲ್ಲಿ ಉಪ್ಪು ಸವರಿ, ತಟ್ಟೆಯಲ್ಲಿ ಮುಚ್ಚದೆ ಫ್ರಿಡ್ಜ್‌ನ ಕೆಳಗಿನ ಅರೆಯಲ್ಲಿಡಿ. ಉಪ್ಪು ಒಳಗೆ ಇಳಿಯಲು ಸಮಯ ಬೇಕು. ಜೊತೆಗೆ ಮೇಲ್ಮೈ ಒಣಗುತ್ತದೆ, ಬೇಕಾಗಿರುವುದೂ ಅದೇ. ಒದ್ದೆ ಮಾಂಸ ಬಾಣಲೆಗೆ ಬಿದ್ದರೆ ಅಲ್ಲಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಕಂದು ಬಣ್ಣ ಬರುವುದಿಲ್ಲ.

ಮರುದಿನ ತಳ ದಪ್ಪಗಿರುವ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ತುಂಡನ್ನು ಇಳಿಸಿ. ಇಳಿಸಿದ ಮೇಲೆ ಕೈ ಕಟ್ಟಿ ನಿಲ್ಲಿ. ಮೊದಲು ಅಂಟಿಕೊಂಡಂತೆ ಕಾಣುತ್ತದೆ. ಎಳೆಯಬೇಡಿ. ನಾಲ್ಕೈದು ನಿಮಿಷಕ್ಕೆ ಕಂದು ಪದರ ಕಟ್ಟಿ ತಾನಾಗಿಯೇ ತಳ ಬಿಡುತ್ತದೆ. ಎಲ್ಲ ಮಗ್ಗುಲಿಗೂ ಹೀಗೇ ಮಾಡಿ. ಹುರಿದರೆ ರಸ ಒಳಗೇ ಬಂಧಿಯಾಗುತ್ತದೆ ಎಂಬ ಮಾತು ಹತ್ತೊಂಬತ್ತನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್‌ರಿಂದ ಹಬ್ಬಿದ್ದು, ಆಮೇಲೆ ಅದು ಸುಳ್ಳೆಂದು ಸಾಬೀತಾಯಿತು. ಹುರಿದ ತುಂಡೂ ಬೇಯುವಾಗ ರಸ ಬಿಡುತ್ತದೆ. ನಾವು ಹುರಿಯುವುದು ರುಚಿಗಾಗಿ.

ಮಾಂಸ ತೆಗೆದಿಟ್ಟು ಅದೇ ಪಾತ್ರೆಗೆ ಮೂರು ದೊಡ್ಡ ಈರುಳ್ಳಿ, ಎರಡು ಕ್ಯಾರೆಟ್, ಆರೇಳು ಎಸಳು ಬೆಳ್ಳುಳ್ಳಿ ಹಾಕಿ. ಈರುಳ್ಳಿ ಚೆನ್ನಾಗಿ ಬಾಡಿದ ಮೇಲೆ ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಸೇರಿಸಿ ಇಟ್ಟಿಗೆ ಬಣ್ಣಕ್ಕೆ ಬರುವವರೆಗೆ ಕೈಯಾಡಿಸಿ. ಈಗ ಅರ್ಧ ಲೀಟರ್ ಉಪ್ಪಿಲ್ಲದ ಸ್ಟಾಕ್ (ಮೂಳೆ, ತರಕಾರಿ ಕುದಿಸಿ ಸೋಸಿದ ರಸ) ಸುರಿದು, ಮರದ ಸೌಟಿನಿಂದ ತಳ ಕೆರೆಯಿರಿ. ಅಲ್ಲಿ ಹಿಡಿದಿರುವ ಕಂದು ಚೂರುಗಳು ಒಂದೊಂದಾಗಿ ಎದ್ದು ದ್ರವಕ್ಕೆ ಬಣ್ಣ ಬಿಡುವುದು ಕಾಣುತ್ತದೆ. ಅದನ್ನು ಯಾವ ಕಾರಣಕ್ಕೂ ತೊಳೆದು ಚೆಲ್ಲಬೇಡಿ, ಸಾಸ್‌ನ ಜೀವವೇ ಅದು. ಇಷ್ಟವಿದ್ದರೆ ಸ್ಟಾಕ್‌ನಲ್ಲಿ ಒಂದು ಲೋಟದಷ್ಟು ಕಡಿಮೆ ಮಾಡಿ ಬದಲಿಗೆ ರೆಡ್ ವೈನ್ ಹಾಕಬಹುದು. ಪಲಾವ್ ಎಲೆ, ಕಾಳುಮೆಣಸು, ಥೈಮ್ ಸೊಪ್ಪು ಸಾಕು.

ಮಾಂಸವನ್ನು ಮತ್ತೆ ಪಾತ್ರೆಗಿಡಿ. ಅದು ಮುಳುಗಬಾರದು, ದ್ರವ ಅದರ ಮೂರನೇ ಒಂದು ಭಾಗದವರೆಗೆ ಬಂದರೆ ಸರಿ. ಬಿಗಿಯಾಗಿ ಮುಚ್ಚಿ 150 ಡಿಗ್ರಿ ಓವನ್‌ನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಇಡಿ, ಅರ್ಧ ದಾರಿಯಲ್ಲಿ ಒಮ್ಮೆ ಮಗುಚಿ. ಆಗಾಗ ಒಂದೊಂದು ಗುಳ್ಳೆ ಏಳುವಷ್ಟು ಉರಿ ಸಾಕು, ಕೊತಕೊತ ಕುದಿಯಬಾರದು. ಗಡಿಯಾರವನ್ನು ಪೂರ್ತಿ ನಂಬಬೇಡಿ. ಫೋರ್ಕ್ ಚುಚ್ಚಿ ತಿರುಗಿಸಿದಾಗ ತಡೆಯಿಲ್ಲದೆ ತಿರುಗಿದರೆ ಆಯಿತು. ತಡೆದರೆ ಇನ್ನರ್ಧ ಗಂಟೆ.

ಈಗ ಸಾಸ್. ಮಾಂಸ ತೆಗೆದು ಮುಚ್ಚಿಡಿ. ಉಳಿದದ್ದನ್ನು ಜರಡಿ ಹಿಡಿದು, ತರಕಾರಿಯನ್ನು ಚಮಚದಿಂದ ಒತ್ತಿ ರಸ ಇಳಿಸಿ. ಹತ್ತು ನಿಮಿಷ ಬಿಟ್ಟರೆ ಕೊಬ್ಬು ಮೇಲೆ ತೇಲುತ್ತದೆ, ಅದನ್ನು ಸೌಟಿನಿಂದ ತೆಗೆಯಿರಿ. ನಂತರ ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಸಿ ಬತ್ತಿಸಿ. ಮೈದಾ ಬೇಕಾಗುವುದೇ ಅನುಮಾನ, ಕರಗಿದ ಜೆಲಾಟಿನ್ ಸಾಸನ್ನು ಗಟ್ಟಿ ಮಾಡುತ್ತದೆ. ಚಮಚದ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಗೆರೆ ಹಾಗೆಯೇ ನಿಂತರೆ ಹದ ಬಂದಿದೆ. ಇನ್ನೂ ತೆಳ್ಳಗೆನಿಸಿದರೆ ಒಂದೊಂದು ಚಮಚ ಬೆಣ್ಣೆ ಮತ್ತು ಮೈದಾವನ್ನು ಕೈಯಲ್ಲಿ ಮಿದ್ದು, ಚಿಕ್ಕ ಚಿಕ್ಕ ಗುಳಿಗೆಗಳಾಗಿ ಬಿಟ್ಟು ಕಲಕಿ ಐದು ನಿಮಿಷ ಕುದಿಸಿ, ಹಸಿ ವಾಸನೆ ಹೋಗಲಿ. ಒಣ ಮೈದಾ ಬಿಸಿ ದ್ರವಕ್ಕೆ ಬಿದ್ದರೆ ಉಂಡೆಯ ಹೊರಮೈ ಕ್ಷಣದಲ್ಲೇ ಅಂಟಾಗಿ ಒಳಗಿನ ಹಿಟ್ಟಿಗೆ ನೀರೇ ತಾಗುವುದಿಲ್ಲ. ಹೋದ ಸಲ ನಿಮಗೆ ಗಂಟು ಕಟ್ಟಿದ್ದು ಹೀಗೆ. ಬೆಣ್ಣೆ ಹಿಟ್ಟಿನ ಕಣಗಳನ್ನು ಬಿಡಿಬಿಡಿಯಾಗಿಡುತ್ತದೆ. ಕೊನೆಗೆ ಒಂದು ಚಮಚ ಸಾಸಿವೆ ಪೇಸ್ಟ್, ಕೆಲವು ಹನಿ ವಿನೆಗರ್. ಉಪ್ಪು ನೋಡುವುದು ಬತ್ತಿದ ಮೇಲೆಯೇ.

ಬಡಿಸುವ ಮೊದಲು ತುಂಡನ್ನು ಬೆಳಕಿಗೆ ಹಿಡಿದು ಎಳೆಗಳು ಯಾವ ಕಡೆ ಓಡುತ್ತವೆ ನೋಡಿ, ಚಾಕು ಅವಕ್ಕೆ ಅಡ್ಡಲಾಗಿ ಹೋಗಬೇಕು. ಉದ್ದಕ್ಕೆ ಕೊಯ್ದರೆ ಚೆನ್ನಾಗಿ ಬೆಂದ ಮಾಂಸವೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಹಬ್ಬದ ದಿನ ಒಲೆ ಮುಂದೆ ನಿಲ್ಲಲಾಗದಿದ್ದರೆ ಹಿಂದಿನ ದಿನವೇ ಮಾಡಿಡಿ. ಆಗ ಉಪ್ಪು ಸವರುವುದು ಅದಕ್ಕೂ ಹಿಂದಿನ ರಾತ್ರಿ. ಬೆಂದ ಮೇಲೆ ಎರಡು ಗಂಟೆಯೊಳಗೆ ಫ್ರಿಡ್ಜ್ ಸೇರಲಿ. ತಣ್ಣಗಾದ ತುಂಡನ್ನು ಚೂರಾಗದಂತೆ ಚೆಂದಕ್ಕೆ ಕತ್ತರಿಸಬಹುದು, ಸಾಸ್‌ನ ಕೊಬ್ಬೂ ಗಟ್ಟಿಯಾಗಿ ಒಂದೇ ಪದರದಲ್ಲಿ ಎದ್ದು ಬರುತ್ತದೆ. ಊಟದ ಹೊತ್ತಿಗೆ ಹೋಳುಗಳನ್ನು ಸಾಸ್‌ನಲ್ಲಿಟ್ಟು ಮುಚ್ಚಿ ಹೊಗೆಯಾಡುವಷ್ಟು ಬಿಸಿ ಮಾಡಿ.

ಪ್ರಶ್ನೆ: ಟೆಂಡರ್‌ಲಾಯಿನ್ (ಬೆನ್ನಿನ ಒಳಬದಿಯ ಮೃದು ಮಾಂಸ) ತಂದರೆ ಇದೇ ರೀತಿ ಬೇಯಿಸಬಹುದೇ? ಅದರಿಂದ ಬರುವ ಕೆಂಪು ನೀರು ರಕ್ತವಲ್ಲವೇ?

ಉತ್ತರ: ಖಂಡಿತ ಹೀಗೆ ಬೇಯಿಸಬೇಡಿ, ದುಬಾರಿ ಮಾಂಸ ಹಾಳಾಗುತ್ತದೆ. ಅದರಲ್ಲಿ ಕರಗಬೇಕಾದ ಕಾಲಜನ್ ಇರುವುದೇ ಅತ್ಯಲ್ಪ, ಹೊತ್ತು ಕಳೆದಷ್ಟೂ ಒಣಗುತ್ತದೆ. 120 ಡಿಗ್ರಿ ಓವನ್‌ನಲ್ಲಿ ಮುಚ್ಚದೆ ಇಟ್ಟು, ನಡುಭಾಗ 60 ಡಿಗ್ರಿ ಮುಟ್ಟಿದಾಗ ತೆಗೆದು, ಬಿಸಿ ಬಾಣಲೆಯಲ್ಲಿ ಬೇಗಬೇಗ ಕಂದು ಮಾಡಿ. ಹೊರಗಿನ ಶಾಖ ಒಳಗಿಳಿದು ಇನ್ನು ಕೆಲವು ಡಿಗ್ರಿ ಏರುತ್ತದೆ. ಇಡೀ ತುಂಡಿಗೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿರಾಮ ಸುರಕ್ಷಿತ ಎನ್ನುವುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ, ಹಾಗಾಗಿ ಕತ್ತರಿಸುವ ಮೊದಲು ಮತ್ತೊಮ್ಮೆ ಅಳೆದು ನೋಡಿ. ಗರ್ಭಿಣಿಯರು, ವಯಸ್ಸಾದವರು ಇದ್ದರೆ ಅವರ ಪಾಲನ್ನು ಗುಲಾಬಿ ಬಣ್ಣ ಹೋಗುವವರೆಗೆ ಬೇಯಿಸಿ.

ಆ ಕೆಂಪು ನೀರು ರಕ್ತವಲ್ಲ. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ನೀರಿನಲ್ಲಿ ಬೆರೆತಾಗ ಬರುವ ಬಣ್ಣ. ಬಡಿಸುವ ತಟ್ಟೆಯಲ್ಲಿ ಶೇಖರವಾದದ್ದನ್ನು ಚೆಲ್ಲದೆ ಕುದಿಯುವ ಸಾಸ್‌ಗೆ ಸುರಿಯಿರಿ.