ಸುತ್ತಲೂ ಸೇದುವವರೇ ಇದ್ದಾಗ ಸಿಗರೇಟು ಬಿಡುವುದು ಹೇಗೆ?

ಪ್ರಶ್ನೆ: ನನಗೆ 34 ವರ್ಷ. ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಆಪರೇಟರ್. ಲಗ್ಗೆರೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ನಾಲ್ಕು ವರ್ಷದ ಮಗಳ ಜೊತೆ ಇದ್ದೇನೆ. 14 ವರ್ಷದಿಂದ ಸಿಗರೇಟು, ಈಗ ದಿನಕ್ಕೆ 12. ಎದ್ದ ಹತ್ತು ನಿಮಿಷಕ್ಕೆ ಮೊದಲನೆಯದು ಬೇಕೇ ಬೇಕು. ಯುಗಾದಿಗೆ ಯಾರಿಗೂ ಹೇಳದೆ ಬಿಟ್ಟೆ, 11 ದಿನ ತಡೆದೆ. ಎದೆ ಡವಡವ ಅನ್ನುತ್ತಿತ್ತು, ರಾತ್ರಿ ನಿದ್ದೆ ಇರಲಿಲ್ಲ. ಬ್ರೇಕ್‌ನಲ್ಲಿ ಟೀ ಅಂಗಡಿ ಮುಂದೆ ಎಲ್ಲರೂ ಸೇದುವಾಗ ಗೆಳೆಯ ‘ಒಂದು ದಮ್ ಎಳಿ ಮಗಾ, ಏನಾಗಲ್ಲ’ ಅಂದ. ಎಳೆದೆ. ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ಕೂತು ಬೀಡಿ ಹಚ್ಚುತ್ತಾರೆ. ಇವರ ನಡುವೆ ಇದ್ದುಕೊಂಡು ಬಿಡಲು ಆಗುತ್ತದಾ? ಕೆಲಸವನ್ನೇ ಬದಲಾಯಿಸಲಾ?

ಉತ್ತರ: ಕೆಲಸ ಬಿಡಬೇಡಿ. ಹೊಸ ಕಾರ್ಖಾನೆಯ ಎದುರಿಗೂ ಟೀ ಅಂಗಡಿ ಇದ್ದೇ ಇರುತ್ತದೆ.

ನಿಕೋಟಿನ್ ನಿಂತಾಗಿನ ಚಡಪಡಿಕೆ, ಸಿಡುಕು ಅತಿ ಜೋರಾಗಿರುವುದು ಮೊದಲ ಎರಡು ಮೂರು ದಿನ. ಅದನ್ನು ನೀವು ಯಾವ ಔಷಧಿಯೂ ಇಲ್ಲದೆ ದಾಟಿದ್ದೀರಿ. ಹನ್ನೊಂದನೇ ದಿನ ನಿಮ್ಮನ್ನು ಕೆಡವಿದ್ದು ಆ ಜಾಗ: ಕೈಯಲ್ಲಿ ಟೀ ಲೋಟ, ಪಕ್ಕದಲ್ಲಿ ಅದೇ ಹುಡುಗರು, ಮೂಗಿಗೆ ಅದೇ ವಾಸನೆ. 14 ವರ್ಷ ಈ ಮೂರೂ ಒಟ್ಟಿಗೇ ಬಂದಿವೆ, ಒಂದು ಬಂದರೆ ಉಳಿದದ್ದನ್ನು ಮಿದುಳು ಕೇಳುತ್ತದೆ. ಮನಸ್ಸು ಗಟ್ಟಿಯಿಲ್ಲ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಈ ಸಲ ಗುಟ್ಟಾಗಿ ಬಿಡಬೇಡಿ. ಗೇಲಿ ಮಾಡುತ್ತಾರೆಂದು ಬಹಳ ಜನ ಬಾಯಿ ಬಿಡುವುದಿಲ್ಲ. ಆಗ ಗೆಳೆಯರು ಎಂದಿನಂತೆ ಪ್ಯಾಕ್ ಚಾಚುತ್ತಾರೆ, ಅದು ಅವರ ತಪ್ಪಲ್ಲ. ದಮ್ ಕೊಟ್ಟ ಆ ಗೆಳೆಯನನ್ನೇ ಹಿಂದಿನ ದಿನ ಪಕ್ಕಕ್ಕೆ ಕರೆದು ಹೇಳಿ: ‘ನೀನು ಸೇದು, ನನ್ನ ತಕರಾರಿಲ್ಲ. ನಾನು ಬಾಯಿಬಿಟ್ಟು ಕೇಳಿದರೂ ನನಗೆ ಕೊಡಬೇಡ.’ ಈ ‘ಕೇಳಿದರೂ’ ಎಂಬ ಮಾತನ್ನು ನುಂಗಬೇಡಿ, ಇಡೀ ಒಪ್ಪಂದ ನಿಂತಿರುವುದು ಅದರ ಮೇಲೆ. ‘ನೀವೂ ಬಿಡ್ರೋ’ ಎಂದು ಉಪದೇಶ ಶುರುಮಾಡಿದರೆ ಮಾತ್ರ ಸವಾಲಿಗಾದರೂ ಕೊಡುವವರು ಹುಟ್ಟಿಕೊಳ್ಳುತ್ತಾರೆ.

ಮೊದಲ ಮೂರು ವಾರ ಟೀ ತರಿಸಿಕೊಂಡು ಒಳಗೇ ಕುಡಿಯಿರಿ, ಸ್ನೇಹವನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳಿ. ಯಾರಾದರೂ ಒಳಗೇ ಹಚ್ಚಿದರೆ ಸುಮ್ಮನಿರಬೇಕಾಗಿಲ್ಲ. ಕೆಲಸದ ಜಾಗದಲ್ಲಿ ಸೇದುವುದನ್ನು ಕಾನೂನು ನಿಷೇಧಿಸಿದೆ, 2025ರಿಂದ ಕರ್ನಾಟಕದಲ್ಲಿ ದಂಡ 1,000 ರೂಪಾಯಿವರೆಗೆ ಏರಿದೆ. ಆಸೆ ಎದ್ದಾಗ ಗಡಿಯಾರ ನೋಡಿ. ಸಾಮಾನ್ಯವಾಗಿ ಐದು ನಿಮಿಷದೊಳಗೆ ಅದರ ಜೋರು ಇಳಿಯುತ್ತದೆ.

ಎದೆ ಡವಡವ ಅಂದಿರಿ. ದಿನಕ್ಕೆ ಎಷ್ಟು ಟೀ, ಕಾಫಿ ಕುಡಿಯುತ್ತೀರಿ ಎಂದು ಬರೆದಿಲ್ಲ, ಆದರೆ ನನ್ನ ಮೊದಲ ಅನುಮಾನ ಅದರ ಮೇಲೇ. ಸಿಗರೇಟಿನ ಹೊಗೆ ಯಕೃತ್ತನ್ನು ಚುರುಕುಮಾಡಿ ಕೆಫೀನನ್ನು ಬೇಗ ಹೊರಹಾಕಿಸುತ್ತದೆ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಆ ವೇಗ ತಗ್ಗುತ್ತದೆ, ಅಷ್ಟೇ ಟೀ ಕುಡಿದರೂ ಮೈಯಲ್ಲಿ ಕೆಫೀನ್ ಹೆಚ್ಚು ನಿಲ್ಲುತ್ತದೆ. ನಡುಕ, ನಿದ್ದೆಗೇಡು ಬರುತ್ತದೆ, ‘ಸಿಗರೇಟಿಲ್ಲದೆ ಆಗುತ್ತಿಲ್ಲ’ ಅನ್ನಿಸುತ್ತದೆ. ಬಿಡುವ ದಿನದಿಂದಲೇ ಟೀ ಅರ್ಧಕ್ಕೆ ಇಳಿಸಿ, ಸಂಜೆಯ ಮೇಲೆ ಬೇಡ. ಆಮೇಲೂ ಡವಡವ ನಿಲ್ಲದಿದ್ದರೆ, ಎದೆನೋವು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೆನಿಸುವವರಿಗೆ ನಿಕೋಟಿನ್ ಗಮ್ ಸಾಮಾನ್ಯವಾಗಿ 4 ಮಿಲಿಗ್ರಾಂನದು ಬೇಕಾಗುತ್ತದೆ. ಅದಕ್ಕೆ ವೈದ್ಯರ ಚೀಟಿ ಬೇಕು, 2 ಮಿಲಿಗ್ರಾಂನದು ಚೀಟಿಯಿಲ್ಲದೆ ಸಿಗುತ್ತದೆ. ಬಬಲ್ ಗಮ್‌ನಂತೆ ಒಂದೇಸಮ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವಿಕೆ ಬರುತ್ತದೆ, ‘ನನಗೆ ಆಗಲ್ಲ’ ಎಂದು ಜನ ಉಗಿದುಬಿಡುತ್ತಾರೆ. ನಾಲ್ಕಾರು ಸಲ ನಿಧಾನ ಜಗಿಯಿರಿ, ಬಾಯಿ ಚುರುಗುಟ್ಟಿದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಬಿಡಿ, ಚುರುಚುರು ಹೋದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಕಾಫಿ, ಟೀ, ಸೋಡಾ, ಹಣ್ಣಿನ ರಸ ಬೇಡ. ಗಮ್ ಸಾಲದಿದ್ದರೆ ಮಾತ್ರೆಗಳಿವೆ. ಅವುಗಳಲ್ಲಿ ಬುಪ್ರೊಪಿಯಾನ್ ಮೂರ್ಛೆರೋಗ ಇದ್ದವರಿಗೆ ಆಗದು, ಹಾಗಾಗಿ ಮಾತ್ರೆಯನ್ನು ವೈದ್ಯರೇ ಬರೆಯಬೇಕು.

ಇನ್ನು ಅಪ್ಪ. ಈ ವಯಸ್ಸಿನಲ್ಲಿ ಮಗ ಬುದ್ಧಿ ಹೇಳಿದರೆ ಅವರ ಮನಸ್ಸು ನೋಯುತ್ತದೆ, ಬೀಡಿ ಹೋಗುವುದಿಲ್ಲ. ಮೊಮ್ಮಗಳ ವಿಷಯವಾಗಿ ಕೇಳಿ. ಮನೆಯ ಹೊಗೆಯಿಂದ ಮಕ್ಕಳಿಗೆ ಉಬ್ಬಸ, ಕಿವಿಸೋಂಕು ಹೆಚ್ಚುತ್ತದೆ, ಬಾಗಿಲಲ್ಲಿ ಸೇದಿದ ಹೊಗೆ ಒಳಕ್ಕೇ ಬರುತ್ತದೆ. ‘ಅಪ್ಪಾ, ಪಾಪುಗೋಸ್ಕರ ಟೆರೇಸ್ ಮೇಲೆ ಹೋಗ್ತೀರಾ? ಕಟ್ಟನ್ನ ನನ್ನ ಕಣ್ಣಿಗೆ ಬೀಳದ ಹಾಗೆ ಇಟ್ಕೊಳ್ಳಿ’ ಅಂದರೆ ಸಾಕು. ಮಂಡಿನೋವಿದ್ದರೆ ಕುರ್ಚಿಯನ್ನು ಗೇಟಿನಾಚೆ ಹಾಕಿಕೊಡಿ. ಸಿಗರೇಟು ಸಿಗದ ಹೊತ್ತಿನಲ್ಲಿ ಅವರ ಕಟ್ಟಿಗೆ ಕೈಹಾಕಬೇಡಿ. ಎಲೆಯಲ್ಲಿ ಸುತ್ತಿದ್ದು ಎಂದು ಬೀಡಿ ಸೌಮ್ಯವಲ್ಲ, ಅದರ ನಿಕೋಟಿನ್, ಟಾರ್, ಕಾರ್ಬನ್ ಮಾನಾಕ್ಸೈಡ್ ಯಾವುದೂ ಸಿಗರೇಟಿಗಿಂತ ಕಡಿಮೆಯಿಲ್ಲ.

ಒಂದು ದಮ್ ಎಳೆದುಬಿಟ್ಟರೂ 11 ದಿನ ಹಾಳಾಗುವುದಿಲ್ಲ. ಎರಡನೆಯದನ್ನು ಕೊಳ್ಳುವ ಮೊದಲು ಪ್ಯಾಕಿನ ಮೇಲೇ ಅಚ್ಚಾಗಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಅದಕ್ಕೆ ದುಡ್ಡಿಲ್ಲ. ಇದರ ಒಂದು ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತುಮಾಡುವ ಮೊದಲೇ ಒಮ್ಮೆ ಕರೆ ಮಾಡಿ, ನಿಮ್ಮ ಶಿಫ್ಟಿನ ವೇಳೆಯನ್ನೂ ಹೇಳಿ.